ಮೆಮೊರಿ ಕಾರ್ಡಿನ ಚಿಕಿತ್ಸೆ

ತುಮಕೂರಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಕೊಂಡು ಕೂತ್ರೆ ಇಂಥವು ತಪ್ಪಲ್ಲ. ಹಳೇ ಲ್ಯಾಪ್‌ಟಾಪಿಗೆ ಮೆಮೊರಿ ಕಾರ್ಡ್ ಸಿಕ್ಕಿಸಿದ್ರೆ ಚುರುಕಾಗುತ್ತೆ ಅಂತ ಯಾರೋ ವಿಡಿಯೋದಲ್ಲಿ ಹೇಳವ್ರೆ. ಸ್ವಲ್ಪ ನಿಜಾನೂ ಹೌದು. ಆದ್ರೆ ಜನ ತರೋದು ಸಾಯೋಕೆ ಬಿದ್ದಿರೋ ಲ್ಯಾಪ್‌ಟಾಪು.

೧. ಕೊಬ್ಬರಿ ಮಂಡಿ

ಗುಬ್ಬಿಯ ಮಂಡಿ ಯಜಮಾನರೊಬ್ಬರಿಗೆ ಕಾರ್ಡ್ ಹಾಕ್ಕೊಟ್ಟೆ. ವಾರ ಕಳೆದು ಬಂದ್ರು. ಮತ್ತೆ ಸ್ಲೋ ಅಂತೆ. ನೋಡಿದ್ರೆ ಕಾರ್ಡೇ ಇಲ್ಲ.

"ಅದನ್ನ ಬೀರುಲಿಟ್ಟು ಬೀಗ ಹಾಕಿದೀನಿ. ಯಾರಾದ್ರೂ ಕದ್ರೆ?"

"ಲ್ಯಾಪ್‌ಟಾಪು?"

"ಅದು ಟೇಬಲ್ ಮೇಲೇ ಇರುತ್ತೆ. ಅಷ್ಟು ಸ್ಲೋ ಇರೋದನ್ನ ಯಾವ ಕಳ್ಳ ಮುಟ್ತಾನೆ?"

೨. ಆಯುಧಪೂಜೆ

ಹಬ್ಬದ ಮಾರನೇ ದಿನ ಹಿರೇಹಳ್ಳಿ ಫ್ಯಾಕ್ಟರಿಯ ಸೂಪರ್‌ವೈಸರ್ ಬಂದ್ರು. ಕಾರ್ಡ್ ಹೊರಗೆಳೆದ್ರೆ ಎರಡೂ ಕಡೆ ಅರಿಶಿನ, ಕುಂಕುಮ. ಒಳಗೂ ಅದೇ ಕೆಸರು. ನನಗೆ ರೇಗಿಹೋಯ್ತು.

"ಲ್ಯಾಪ್‌ಟಾಪಿಗೆ ಹಚ್ಚಿದ್ರಿ, ಸರಿ. ಕಾರ್ಡಿಗೂ ಯಾಕ್ರೀ?"

"ಓಡಿಸ್ತಿರೋದು ಅದೇ ಅಲ್ವಾ ಸಾರ್? ಪೂಜೆ ಇಂಜಿನ್ನಿಗೆ ತಾನೇ ಮಾಡ್ಬೇಕು?"

೩. ಕುಣಿಗಲ್ಲಿನ ತಾಯಿ ಮಗ

ಕುಣಿಗಲ್ಲಿಂದ ಒಬ್ಬ ಹುಡುಗ ತಾಯಿ ಜೊತೆ ಬಂದ. ತಂದೆ ತೀರ್ಕೊಂಡು ಒಂಬತ್ತು ದಿನ ಆಗಿತ್ತು. ಅವರ ಫೋನ್ ಸುಮ್ನೆ ಬಿದ್ದಿದೆಯಲ್ಲ ಅಂತ ಅದರ ಕಾರ್ಡ್ ತೆಗೆದು, ಪೂರ್ತಿ ಅಳಿಸಿ, ತನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡಿದ್ದ. ನಾಡಿದ್ದು ತಿಥಿ. ಹಾರ ಹಾಕೋಕೆ ಫೋಟೋ ಬೇಕು ಅಂದಾಗ, ಇದ್ದ ಫೋಟೋ ಎಲ್ಲ ಆ ಕಾರ್ಡಲ್ಲೇ ಇದ್ವು ಅಂತ ಅವನಿಗೆ ಜ್ಞಾನೋದಯ ಆಗಿದೆ.

"ಆಧಾರಲ್ಲಿರೋದನ್ನೇ ದೊಡ್ಡದು ಮಾಡಿಸೋಣಮ್ಮ" ಅಂದ.

"ಅದು ನಿಮ್ಮಪ್ಪ ಅಲ್ಲ ಕಣೋ. ಪೊಲೀಸ್ನೋರು ಹಿಡ್ಕಂಬಂದಿರೋ ಯಾವನೋ."

ಅಳಿಸಿದ ಫೋಟೋ ವಾಪಸ್ ತರೋ ಸಾಫ್ಟ್‌ವೇರ್ ಹಾಕ್ದೆ. ಒಂದೊಂದಾಗಿ ಬಂದ್ವು. ಹಸು. ಟೆಂಪೊ. ಮಗ. ಯಾರದೋ ಮದುವೆ ಊಟದ ಎಲೆ. ಫೋಟೋ ತೆಗೀತಿದ್ದೋರು ತಂದೆಯೇ ಆದ್ದರಿಂದ ಒಂದರಲ್ಲೂ ಅವರಿಲ್ಲ. ಆ ತಾಯಿ ಸೆರಗು ಬಾಯಿಗಿಟ್ಕೊಂಡು ನೋಡ್ತಾನೇ ಇದ್ರು. ನನಗೆ ಅವರ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ.

ಕೊನೇಲಿ ಒಂದು ಬಂತು. ಯಾರದೋ ಗೃಹಪ್ರವೇಶ, ಅರ್ಧ ಫೋಟೋಗೆ ಒಂದು ಹೆಬ್ಬೆರಳು ಅಡ್ಡ. ಉಗುರು ಜಜ್ಜಿ ಕಪ್ಪಾಗಿತ್ತು.

"ಇವರೇ" ಅಂದ್ರು ತಾಯಿ. "ಟೆಂಪೊ ಬಾಗಿಲಿಗೆ ಸಿಕ್ಕಿಸ್ಕೊಂಡಿದ್ರು. ಇದನ್ನೇ ಪ್ರಿಂಟ್ ಹಾಕ್ಕೊಡಿ ಸಾರ್, ದೊಡ್ಡದಾಗಿ."

ಹುಡುಗ ಬೆಪ್ಪಾದ. "ಅಮ್ಮ, ಹೆಬ್ಬೆರಳಿಗೆ ಹಾರ ಹಾಕಿದ್ರೆ ನೆಂಟ್ರು ಏನಂತಾರೆ?"

"ಏನೂ ಅನ್ನಲ್ಲ. ನೆಂಟ್ರ ಮನೇಲಿ ಇವರು ತೆಗೆದ ಫೋಟೋಗಳಲ್ಲೆಲ್ಲ ಇದೇ ಬೆರಳಿದೆ. ನೋಡಿದ ತಕ್ಷಣ ಯಾರು ಅಂತ ಗೊತ್ತಾಗುತ್ತೆ."