ಅಕ್ಕನ ಎಮ್ಮೆ ಮತ್ತು ನನ್ನ ಎಂಟು ದಿನದ ಗೈರುಹಾಜರಿ

ಬೇರೆಯವರ ರಜೆ ಅರ್ಜಿಯಲ್ಲಿ ತಪ್ಪು ಹುಡುಕುವುದರಲ್ಲಿ ಒಂದು ಸುಖವಿದೆ. ಬಳ್ಳಾರಿಯ ಖಾಸಗಿ ಕಾಲೇಜೊಂದರಲ್ಲಿ ರಜೆ ವಿಭಾಗದ ಗುಮಾಸ್ತನಾಗಿ ಹದಿನಾಲ್ಕು ವರ್ಷ ಆ ಸುಖವನ್ನು ಧಾರಾಳವಾಗಿ ಉಂಡಿದ್ದೇನೆ. ಅಕ್ಕ ತೀರಿಹೋಗುವ ಹಿಂದಿನ ದಿನವೂ ಅದನ್ನೇ ಮಾಡುತ್ತಿದ್ದೆ. ಲ್ಯಾಬ್ ಅಟೆಂಡರ್ ತಿಪ್ಪೇಸ್ವಾಮಿ, ತನ್ನ ದೊಡ್ಡಪ್ಪ ತೀರಿಕೊಂಡನೆಂದು ಹನ್ನೊಂದು ದಿನ ರಜೆ ಕೇಳಿದ್ದ. ಹಿಂದೊಮ್ಮೆ ನಾನೇ ಯೋಚಿಸಿ ಬರೆದು, ಆಡಳಿತ ಮಂಡಳಿಯ ಸಹಿ ಹಾಕಿಸಿಟ್ಟಿದ್ದ ಟಿಪ್ಪಣಿ ತೋರಿಸಿದೆ. ಸೂತಕ ಹಿಡಿಯುವ ಮನೆಯವರಿಗೆ ಹನ್ನೊಂದು ದಿನ, ಹಿಡಿಯದವರಿಗೆ ಮೂರು.

"ನಿಮ್ಮಲ್ಲಿ ಸೂತಕ ಇಲ್ಲಲ್ಲಪಾ. ಮೂರನೇ ದಿನ ಹಾಲು-ತುಪ್ಪ ಬಿಟ್ರ ಮುಗೀತು."

"ನಿಮ್ಮಲ್ಲೂ ಇಲ್ಲಲ್ರಿ ಸಾರ್?"

"ನಮ್ಮಲ್ಲೂ ಇಲ್ಲ," ಎಂದೆ, ಹೆಮ್ಮೆಯಿಂದಲೇ.

ಮರುದಿನ ಬೆಳಿಗ್ಗೆ ಅಕ್ಕನ ಊರು ಹಚ್ಚೊಳ್ಳಿಯಿಂದ ಫೋನು ಬಂತು. ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ, ಎಮ್ಮೆಗೆ ನೀರಿಟ್ಟು ಕಟ್ಟೆಯ ಮೇಲೆ ಕೂತವಳು, ಕೂತ ಹಾಗೆಯೇ ಹೋಗಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ನಾನೇ ನಿಂತು ಮಣ್ಣು ಮಾಡಿದೆ. ಮೂರನೇ ದಿನ ಹಾಲು-ತುಪ್ಪವೂ ಆಯಿತು. ನನ್ನ ಟಿಪ್ಪಣಿಯ ಪ್ರಕಾರ ನನ್ನ ದುಃಖ ಅಲ್ಲಿಗೆ ಮುಗಿದಿತ್ತು. ಆದರೆ ಎಮ್ಮೆ ಆ ಟಿಪ್ಪಣಿ ಓದಿರಲಿಲ್ಲ. ಕರು ಕುಡಿದು ಉಳಿದ ಹಾಲಿಗೆ ಕೆಚ್ಚಲು ಬಿಗಿದು ನಿಂತಿತ್ತು. ಯಾರೇ ಹತ್ತಿರ ಹೋಗಲಿ, ಒದೆಯುತ್ತಿತ್ತು. ಪಕ್ಕದ ಮನೆಯ ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಕ್ಕನ ಸೀರಿ ಸುತ್ಕೊಂಡು ಕುಂದರಪ್ಪ. ವಾಸನಿ ಹಿಡದ್ರ ಹಾಲು ಬಿಡತೈತಿ," ಎಂದಳು.

ಪ್ಯಾಂಟಿನ ಮೇಲೆ ಸೀರೆ ಸುತ್ತಿ, ತಲೆ ಮೇಲೆ ಸೆರಗು ಹೊದ್ದು ಕೂತೆ. ಎಮ್ಮೆ ತಿರುಗಿ ಮೂಸಿತು. ಬಹಳ ಹೊತ್ತು ನನ್ನನ್ನೇ ನೋಡಿತು. ಅದು ಏನು ತೀರ್ಮಾನ ಮಾಡುತ್ತದೆಂಬ ಕುತೂಹಲ ನನಗೂ ಇತ್ತು. ಕೊನೆಗೆ ಹಾಲು ಬಿಟ್ಟಿತು. ಮೋಸ ಹೋದಂತೆ ಕಾಣಲಿಲ್ಲ. ಹೋಗಲಿ ಪಾಪ ಎಂದಂತಿತ್ತು. ಗಂಗವ್ವನ ಕೈಗೆ ಅದು ಹೊಂದಿಕೊಳ್ಳುವಷ್ಟರಲ್ಲಿ ಆ ಮೂರರ ಮೇಲೆ ಎಂಟು ದಿನ ಕಳೆದವು. ಕಚೇರಿಗೆ ಫೋನು ಮಾಡಿ ಈ ಕಾರಣ ಹೇಳಲು ನಾಲಗೆ ಏಳಲಿಲ್ಲ.

ಮರಳಿ ಬಂದಾಗ ಮೇಜಿನ ಮೇಲೆ ಆರೋಪ ಪತ್ರವಿತ್ತು. ಎಂಟು ದಿನ ಅನಧಿಕೃತ ಗೈರುಹಾಜರಿ. ಸಾಬೀತಾದರೆ ಕೆಲಸದಿಂದ ತೆಗೆಯಬಹುದು. ಆ ಕೊನೆಯ ಸಾಲಿನ ಒಕ್ಕಣೆ ನನ್ನದೇ. ಪುರಾವೆಗೆ ನನ್ನ ಟಿಪ್ಪಣಿ. ಸಾಕ್ಷಿ ತಿಪ್ಪೇಸ್ವಾಮಿ, ಆರನೇ ದಿನ ಸಿರುಗುಪ್ಪದಲ್ಲಿ ಎಮ್ಮೆಯ ಹಿಂಡಿ ಚೀಲ ಪಕ್ಕಕ್ಕಿಟ್ಟು ಮಿರ್ಚಿ ಭಜಿ ತಿನ್ನುತ್ತಿದ್ದ ನನ್ನನ್ನು ನೋಡಿದ್ದನಂತೆ. ವಿಚಾರಣೆಗೆಂದು ಕುರುಗೋಡಿನ ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ಕರೆಸಿದ್ದರು. ಎಷ್ಟೋ ಜನರನ್ನು ವಿಚಾರಣೆಯ ಕೋಣೆಗೆ ಕಳಿಸಿದ್ದೆ, ಒಳಗೆ ಹೋಗಿರಲಿಲ್ಲ. ಆರೋಪಿಗೂ ಚಹಾ ಕೊಡುತ್ತಾರೆಯೇ ಎಂದು ನೋಡುವ ಆಸೆಯಿತ್ತು. ಕೊಟ್ಟರು.

"ದುಃಖದಾಗ ಇದ್ದಂಗ ಕಂಡ್ರೇನು ಇವರು?" ಎಂದು ಹೆಡ್‌ಮಾಸ್ತರರು ತಿಪ್ಪೇಸ್ವಾಮಿಯನ್ನು ಕೇಳಿದರು.

"ಮಿರ್ಚಿ ತಿನ್ನಾಕ್ಹತ್ತಿದ್ರು ಸಾರ್," ಎಂದ ಅವನು ನನ್ನತ್ತ ನೋಡದೆ. "ಆದ್ರ ಒಂದ ಮಿರ್ಚಿ ಹಿಡ್ಕೊಂಡು ಬಾಳ ಹೊತ್ತು ನಿಂತಿದ್ರು."

"ಹಿಂಡಿ ಯಾಕ್ರಿ?" ಎಂದು ನನ್ನತ್ತ ತಿರುಗಿದರು.

ಕೆಲಸ ಹೋಗುವುದೋ ಮಾನ ಹೋಗುವುದೋ ಎಂದು ಒಂದು ಗಳಿಗೆ ತೂಗಿ, ಸೀರೆಯವರೆಗೂ ಎಲ್ಲ ಹೇಳಿಬಿಟ್ಟೆ. ಟೈಪ್ ಮಾಡುತ್ತಿದ್ದಾಕೆಯ ಕೈ ನಿಂತಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದರು.

"ಸೀರಿ ತೊಳದಿದ್ರೇನು?"

"ಇಲ್ರಿ. ತೊಳೀಬ್ಯಾಡ ಅಂದ್ಲು ಗಂಗವ್ವ."

"ಬರೋಬ್ಬರಿ ಹೇಳ್ಯಾಳ. ನಮ್ಮ ಮನಿ ಎಮ್ಮೀನೂ ಹಂಗ." ನನ್ನ ಟಿಪ್ಪಣಿಯನ್ನು ಎತ್ತಿಕೊಂಡು ಇನ್ನೊಮ್ಮೆ ಓದಿದರು. "ನಿಮಗ ಸೂತಕ ಇಲ್ಲ ಅಂತ ಬರದೀರಿ. ಆತು. ಎಮ್ಮಿಗಿ?"

ಎಮ್ಮೆಗೂ ಒಂದು ಸಾಲು ಬರೆದಿದ್ದೆನೇನೋ ಎಂದು ನಾನೂ ಬಗ್ಗಿ ಟಿಪ್ಪಣಿ ನೋಡಿದೆ. ತಿಪ್ಪೇಸ್ವಾಮಿ ಬಾಗಿಲ ಕಡೆ ಮುಖ ಮಾಡಿ ಕೆಮ್ಮಿದ.

ವಾರದ ಮೇಲೆ ಆದೇಶ ಬಂತು. ಗೈರುಹಾಜರಿಯಲ್ಲ, ಎಂಟು ದಿನವನ್ನು ಗಳಿಕೆ ರಜೆಯಲ್ಲಿ ಕಳೆಯತಕ್ಕದ್ದು. ಕಳೆಯಬೇಕಾದ ಗುಮಾಸ್ತನೂ ನಾನೇ. ನನ್ನ ರಜೆ ಲೆಕ್ಕದ ಹಾಳೆ ತೆಗೆದೆ. ಎಷ್ಟೊಂದು ರಜೆ ಕೂಡಿಸಿಟ್ಟಿದ್ದೆ. ಪ್ರತಿ ಹಬ್ಬಕ್ಕೂ ಅಕ್ಕ ಫೋನು ಮಾಡಿ, "ನಾಕ್ ದಿನ ಇದ್ದು ಹೋಗಾಕ ಬಾರೋ," ಎನ್ನುತ್ತಿದ್ದಳು. "ರಜಾ ಇಲ್ಲಕ್ಕ," ಎನ್ನುತ್ತಿದ್ದೆ. ಹಾಗೆ ಉಳಿದ ರಜೆ ಅದು. ಎಂಟು ದಿನ ಕಳೆದು ಸಹಿ ಹಾಕಿದೆ. ಇನ್ನೂ ಬೇಕಾದಷ್ಟಿದೆ. ಬಾ ಎನ್ನಲು ಅಕ್ಕ ಇಲ್ಲ.