ಕೇಳಬಾರದ ದನಿ

ಆ ಕಿರುಚಿತ್ರವನ್ನು ಬೀದಿಯವರೆಲ್ಲ ನೋಡಿ ಮೆಚ್ಚಿಕೊಂಡರು. ಕಂಠನಿಗೆ ಗ್ರಹಚಾರ ಸುತ್ತಿಕೊಂಡಿದ್ದು ಅಲ್ಲಿಂದಲೇ.

ಕಂಠ ಎನ್ನುವುದು ಬೀದಿಯವರಿಟ್ಟ ಹೆಸರು. ಸಿನಿಮಾಗಳಿಗೆ ದನಿ ಕೊಡುವುದು ಅವನ ಕಸುಬು. ನಾಯಿಯ ಬೊಗಳಿಕೆಯಿಂದ ನ್ಯಾಯಾಧೀಶರ ತೀರ್ಪಿನವರೆಗೆ ಏನು ಕೇಳಿದರೂ ಅವನ ಗಂಟಲಲ್ಲಿ ಸಿದ್ಧವಿರುತ್ತಿತ್ತು. ಮನಸ್ಸಿನ ಕಾಯಿಲೆಯ ಬಗ್ಗೆ ಜನರ ಕಣ್ಣು ತೆರೆಸಲೆಂದು ಮಾಡಿದ ಈ ಚಿತ್ರದಲ್ಲಿ ಅವನದು ಖಿನ್ನತೆಯ ಪಾತ್ರ. ಹುಡುಗಿಯೊಬ್ಬಳು ಕಿಟಕಿಯ ಬಳಿ ಕೂತಿರುತ್ತಾಳೆ. ಅವಳ ತಲೆಯೊಳಗಿಂದ ಕಂಠ, ತನ್ನ ಸ್ವಂತ ದನಿಯಲ್ಲೇ, "ನಿನ್ನಿಂದ ಏನೂ ಆಗಲ್ಲ" ಎಂದು ಪಿಸುಗುಟ್ಟುತ್ತಾನೆ. ಆಗ ಡಾಕ್ಟರೊಬ್ಬರು ಬಂದು ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಾರೆ: "ಆ ದನಿ ಜೊತೆ ವಾದಕ್ಕಿಳೀಬೇಡಿ. ಎದೆ ಮೇಲೆ ಕೈಯಿಡಿ. ಉದ್ದಕ್ಕೆ ಉಸಿರು ತಗೊಳ್ಳಿ. ಮುಖ ಆಚೆ ತಿರುಗಿಸಿ." ಕೊನೆಗೆ, "ಹತ್ತಿರದವರು ಕಷ್ಟ ಹೇಳ್ಕೊಂಡ್ರೆ ಕೂತು ಕೇಳಿ" ಎಂಬ ಮಾತೂ ಇತ್ತು. ಅಷ್ಟು ಹೊತ್ತಿಗೆ ಜನ ಕುರ್ಚಿ ಸರಿಸಿ ಎದ್ದಿದ್ದರು.

ಖಿನ್ನತೆಯ ಆ ದನಿ ತೆಗೆಯಲು ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಕೂತಿದ್ದ ಕಂಠನ ಎದೆಗೆ ಏನೋ ಒದ್ದೆ ಹೊದಿಕೆಯಂತೆ ಅಂಟಿಕೊಂಡಿತ್ತು. ಅಂಗಿಯ ಗುಂಡಿ ಹಾಕುವುದೂ ಬೆಟ್ಟ ಹತ್ತಿದಂತೆ. ಹಗಲೆಲ್ಲ ನೀರಿನಡಿಯಲ್ಲಿ ನಡೆದಂತೆ. ಇವತ್ತು ಯಾರಿಗಾದರೂ ಹೇಳಿಕೊಂಡೇ ಬಿಡಬೇಕೆಂದು ಬೆಳಿಗ್ಗೆ ಅಡುಗೆಮನೆಗೆ ಬಂದ.

"ಸ್ವಲ್ಪ ಇಲ್ಲಿ ಕೂತ್ಕೊಳೇ. ಮನಸ್ಸಿಗೆ ಯಾಕೋ..."

ಹೆಂಡತಿ ಸೌಟು ಕೆಳಗಿಟ್ಟಳು. ಎದೆ ಮೇಲೆ ಕೈಯಿಟ್ಟಳು. ಕಿಟಕಿಯ ಪರದೆ ಒಳಕ್ಕೆ ಉಬ್ಬುವಷ್ಟು ಉಸಿರೆಳೆದು ಮುಖ ಆಚೆ ತಿರುಗಿಸಿದಳು.

"ಏನೇ ಇದು ಅವತಾರ?"

"ಸಿಟ್ಟಲ್ಲ ರೀ. ನಿಮ್ಮ ಆ ದನಿ ಕೇಳಿದ್ರೆ ಕೈ ತಾನಾಗೇ ಎದೆಗೆ ಹೋಗತ್ತೆ. ಎಷ್ಟು ಹಗುರ ಆಗತ್ತೆ ಗೊತ್ತಾ? ಮದುವೆ ಆದಾಗಿಂದ ಇಷ್ಟು ನೆಮ್ಮದಿ ಕಂಡಿರ್ಲಿಲ್ಲ!"

ಬೀದಿಯಲ್ಲಿ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಬ್ರೆಡ್ಡಿನಂಗಡಿಯ ಅತ್ತೆಮ್ಮ ಊರಿನ ಸುದ್ದಿಯನ್ನೆಲ್ಲ ಕೇಳುವವಳು. ಕಂಠ ಬಾಯಿ ತೆರೆದು "ಅತ್ತೆಮ್ಮಾ" ಎಂದದ್ದೇ ತಡ, ಅವಳೂ ಅವಳ ಮುಂದೆ ನಿಂತ ಸಾಲೂ ಒಟ್ಟಿಗೆ ಉಸಿರೆಳೆದರು. ಮಂಜೆಲ್ಲ ಅವರ ಮೂಗಿಗೆ ಸೇರಿ ಬೀದಿಗೆ ಬಿಸಿಲು ಬಂತು.

ಕಂಠ ಕ್ಷೌರದಂಗಡಿಗೆ ಹೋದ. ಕುರ್ಚಿಯಲ್ಲಿ ಕೂತವನನ್ನು ಬಿಟ್ಟು ಕ್ಷೌರಿಕ ಎಲ್ಲಿಗೆ ಹೋದಾನು?

"ಬದುಕೇ ಸಪ್ಪೆ ಅನ್ನಿಸ್ತಿದೆ ಕಣಯ್ಯಾ" ಎಂದ, ನೊರೆಯೊಳಗಿಂದ.

ಕ್ಷೌರಿಕ ಕತ್ತಿ ಹಿಡಿದ ಕೈಯನ್ನೇ ಎದೆಗಿಟ್ಟುಕೊಂಡು ಗೋಡೆಯತ್ತ ತಿರುಗಿದ. "ಬೇಜಾರಾಗ್ಬೇಡ ಗುರುವೇ, ಡಾಕ್ಟ್ರು ಹೇಳಿದಾರೆ. ಅವರ ದನಿ ಕೇಳಿದೀಯಾ? ಹೇಳ್ಕೊಂಡ್ರೆ ಅಂಥವರ ಹತ್ರ ಹೇಳ್ಕೋಬೇಕು."

"ಕೇಳಿದೀನಿ" ಎಂದು ಕಂಠ ಅರ್ಧ ಗಡ್ಡದಲ್ಲೇ ಎದ್ದು ಸ್ಟುಡಿಯೋಗೆ ನಡೆದ. ಅಲ್ಲಿ ಶಬ್ದ ಹಿಡಿಯುವವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಠ ಹೇಳಿಕೊಂಡದ್ದನ್ನು ಪೂರ್ತಿ ಕೇಳಿದ. ಕಂಠನ ಕಣ್ಣು ಒದ್ದೆಯಾಯಿತು.

"ಆಹಾ!" ಎಂದ ಅವನು. "ಏನು ಭಾರ! ಆದ್ರೆ 'ಸಪ್ಪೆ' ಅನ್ನೋವಾಗ ಮೈಕಿನ ಹತ್ರ ಬಾ. ಇನ್ನೊಂದ್ಸಲ."

"ನಿಜವಾಗ್ಲೂ ಹೇಳ್ತಿದೀನಿ ಮಾರಾಯಾ!"

"ಅದೇ, ಅದೇ ನಿಜ ಇರ್ಲಿ. ಎರಡನೇ ಭಾಗಕ್ಕೆ ಇಟ್ಕೊಳ್ತೀನಿ."

ಸಂಜೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಹೆಂಡತಿ, ಅತ್ತೆಮ್ಮ, ಕ್ಷೌರಿಕ ಮೂವರೂ ಹರಟುತ್ತಿದ್ದರು. ಅವನ ತುಟಿ ಅಲುಗಿದ್ದನ್ನು ನೋಡಿಯೇ ಮೂರು ಕೈಗಳು ಎದೆಯತ್ತ ಹೊರಟವು. ಆಗ ಕಂಠನಿಗೆ ಹೊಳೆಯಿತು. ಪರದೆಯ ಮೇಲಿನ ಡಾಕ್ಟರಿಗೆ ದೇವರು ಕೊಟ್ಟದ್ದು ಬಾತುಕೋಳಿಯ ದನಿ. ಅವರ ಬಾಯಿಗೆ ಆ ಬೆಣ್ಣೆ ಕಡೆದು ಕೊಟ್ಟವನೂ ತಾನೇ ಅಲ್ಲವೇ!

"ಸ್ವಲ್ಪ ಇರಿ" ಎಂದ, ಬೆಣ್ಣೆಯಲ್ಲಿ.

ಕೈಗಳು ಇಳಿದವು. ಮೂವರೂ ಕಣ್ಣು ಮುಚ್ಚಿಕೊಂಡರು. ಸಂಜೆಯ ಬೆಳಕಿನಲ್ಲಿ ಮೆಟ್ಟಿಲುಗಳೇ ತೇಲಿದಂತಾಯಿತು.

"ಮನಸ್ಸು ಭಾರ ಆದಾಗ..." ಕಂಠ ಶುರುಮಾಡಿದ.

"ಭಾರವೇ ಡಾಕ್ಟ್ರೇ!" ಅತ್ತೆಮ್ಮ ಬಿಕ್ಕಿದಳು. ತಂಗಿ ಮಾತು ಬಿಟ್ಟಾಗಿಂದ ತಾನು ಸುಟ್ಟ ಬ್ರೆಡ್ಡನ್ನಷ್ಟೇ ತಿನ್ನುತ್ತಿರುವುದನ್ನು ಹೇಳಿಕೊಂಡಳು. ಅಂಗಡಿ ಮುಚ್ಚಿ ಕೂದಲು ಗುಡಿಸುವಾಗ ಸುಮ್ಮಸುಮ್ಮನೆ ಅಳು ಬರುತ್ತದೆಂದು ಕ್ಷೌರಿಕ ಹೇಳಿಕೊಂಡ. ಕೊನೆಗೆ ಹೆಂಡತಿಯೂ ಬಾಯಿ ಬಿಟ್ಟಳು.

"ನಮ್ಮನೆಯವರು ಇತ್ತೀಚೆಗೆ ಒಂದು ಥರಾ ಇರ್ತಾರೆ ಡಾಕ್ಟ್ರೇ. ಮನಸ್ಸಲ್ಲಿ ಏನಿದೆಯೋ, ನನ್ನ ಹತ್ರ ಬಾಯಿ ಬಿಟ್ಟು ಹೇಳೋದೇ ಇಲ್ಲ."

"ಅಯ್ಯೋ, ನಾನೇ ಕಣೇ..." ಕಂಠನಿಂದ ಸ್ವಂತ ದನಿ ಜಾರಿತು.

ಹೆಂಡತಿ ಕಣ್ಣು ತೆರೆಯದೆಯೇ ಎದೆಗೆ ಕೈಯೊಯ್ದು ಉದ್ದಕ್ಕೆ ಉಸಿರೆಳೆದಳು.

"ಹೇಳಿ, ಕೇಳ್ತಿದೀನಿ" ಎಂದ ಕಂಠ, ಮತ್ತೆ ಬೆಣ್ಣೆಯಲ್ಲಿ.

ಹೇಳಿ ಮುಗಿಸಿದವರು ದಾರ ಬಿಟ್ಟ ಗಾಳಿಪಟಗಳಂತೆ ಹಗುರಾಗಿ ಒಬ್ಬೊಬ್ಬರೇ ಹೋದರು. ಮುಸ್ಸಂಜೆಯ ಮೆಟ್ಟಿಲ ಮೇಲೆ ಉಳಿದವನು ಕಂಠನೊಬ್ಬನೇ. ಇನ್ನು ಯಾರ ಹಂಗೇಕೆ? ಡಾಕ್ಟರು ಇಲ್ಲೇ ಗಂಟಲಲ್ಲೇ ಇದ್ದಾರಲ್ಲ.

"ಈಗ ನೀವು ಹೇಳಿ. ಏನಾಗಿದೆ?" ತನ್ನನ್ನೇ ಕೇಳಿಕೊಂಡ. ಅಷ್ಟು ಅಕ್ಕರೆಯಿಂದ ಅವನನ್ನು ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ಡಾಕ್ಟ್ರೇ, ನನಗೆ ಯಾಕೋ..." ಎಂದ, ಸ್ವಂತ ದನಿಯಲ್ಲಿ.

ಅವನ ಕೈ ಮೆಲ್ಲಗೆ ಎದೆಯ ಮೇಲೆ ಬಂದು ಕೂತಿತು. ಉದ್ದನೆಯ ಉಸಿರೊಂದು ಒಳಗೆ ಹೋಯಿತು. ಮುಖ ತಾನಾಗಿಯೇ ಆಚೆ ತಿರುಗಿತು.