ಆರೂ ಇಪ್ಪತ್ತರ ಮುಷ್ಕರ

ಗುಡ್ಡದ ಇಳಿಜಾರಿನ ಗಣಿ ಊರು ಐತಿಹಾಸಿಕವೆಂದು ಘೋಷಣೆಯಾದದ್ದು ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ. ಅದೇ ದಿನ ಎರಡು ಐವತ್ತೊಂಬತ್ತರವರೆಗೆ ಅದು ಬರೀ ಹಳೆಯ ಊರಾಗಿತ್ತು.

ಗಣಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ಘೋಷಣೆಯಾದ ಮರುವಾರವೇ ಗಣಿಯ ಹಾಜರಿ ಕಚೇರಿಯ ಬೀಗ ಒಡೆದು, ಧೂಳು ಹೊಡೆದು, ಅಲ್ಲಿ ಪರಂಪರಾ ಕಚೇರಿಯನ್ನು ತೆರೆದರು. ಅದರ ಅಧಿಕಾರಿ ಬಹಳ ಸಭ್ಯ ಮನುಷ್ಯ. ಯಾರನ್ನೂ ಗದರಿದವರಲ್ಲ, ಗದರಬೇಕಾದಾಗ ಸುತ್ತೋಲೆ ಹೊರಡಿಸುತ್ತಿದ್ದರು. ಮೊದಲನೆಯ ಸುತ್ತೋಲೆ ಹೀಗಿತ್ತು:

"ಪ್ರವಾಸಿಗರಿಗಾಗಿ ಪ್ರತಿದಿನ ಸಂಜೆ ಆರರಿಂದ ಏಳರವರೆಗೆ ಪಾರಂಪರಿಕ ನಡಿಗೆಯನ್ನು ಏರ್ಪಡಿಸಲಾಗಿದೆ. ಪಾಳಿ ಮುಗಿಸಿ ಬರುವ ಗಂಡಂದಿರಿಗಾಗಿ ಹೆಂಡತಿಯರು ಬಾಗಿಲಲ್ಲಿ ಕಾಯುವ ದೃಶ್ಯವು ಸದರಿ ನಡಿಗೆಯ ಜೀವಾಳವಾಗಿರುತ್ತದೆ. ಆದ್ದರಿಂದ ಮೇಲಿನ ಸಾಲಿನ ಎಲ್ಲ ಹೆಂಡತಿಯರೂ ಆರರಿಂದ ಆರೂವರೆವರೆಗೆ ಆತಂಕದಿಂದ ನಿಂತು ಕಾಯತಕ್ಕದ್ದು. ಕಾಯದವರ ಮನೆಯನ್ನು ಕಾಯುವವರಿಗೆ ಹಂಚಲಾಗುವುದು."

ಮನೆಗಳು ಮೊದಲು ಗಣಿಗೆ ಸೇರಿದ್ದವು. ಘೋಷಣೆಯ ನಂತರ ಗೋಡೆ, ಹೆಂಚು, ಹೆಂಡತಿ ಸಮೇತ ಕಚೇರಿಗೆ ಸೇರಿದವು. ಹೀಗಾಗಿ ಇದರಲ್ಲಿ ಯಾರಿಗೂ ಕಾನೂನಿನ ದೋಷ ಕಾಣಲಿಲ್ಲ.

ಮೇಲಿನ ಸಾಲಿನ ಮೂರನೇ ಮನೆ ಟೈಲರಮ್ಮನದು. ವಯಸ್ಸು ಅರವತ್ತನಾಲ್ಕು. ಹೊಲಿಗೆ ಮಿಷನ್ ತುಳಿದೂ ತುಳಿದೂ ಬಲಗಾಲು ಸಂಜೆಯಾಗುತ್ತಲೇ ಊದಿಕೊಳ್ಳುತ್ತಿತ್ತು. ಗಂಡ ಮೂವತ್ತೊಂದು ವರ್ಷ ಸುರಂಗದಲ್ಲಿ ಬಂಡೆ ಕೊರೆದವರು. ಊರೆಲ್ಲ ಅವರನ್ನು ಬೈರಿಗೆ ಯಜಮಾನರು ಎಂದೇ ಕರೆಯುತ್ತಿತ್ತು. ಈಗ ಅವರು ಕೊರೆಯುತ್ತಿದ್ದದ್ದು ಹೆಂಡತಿಯ ತಲೆಯನ್ನು ಮಾತ್ರ.

"ರೀ, ಸಂಜೆ ನಾನು ನಿಮಗೋಸ್ಕರ ಕಾಯಬೇಕಂತೆ," ಎಂದಳು ಟೈಲರಮ್ಮ.

"ನಾನು ಇಲ್ಲೇ ಇದೀನಲ್ಲೇ."

"ಅದೇ ತೊಂದರೆ ಆಗಿರೋದು. ನೀವು ಐದೂಮುಕ್ಕಾಲಿಗೆ ಹಿಂಬಾಗಿಲಿಂದ ಇಳಿದುಹೋಗಿ, ಆರೂ ಇಪ್ಪತ್ತಕ್ಕೆ ಮುಂಬಾಗಿಲಿಗೆ ಹತ್ತಿಬರಬೇಕಂತೆ. ಮುಖಕ್ಕೆ ಮಸಿ ಕಚೇರಿಯಲ್ಲೇ ಬಳೀತಾರಂತೆ."

"ಅದನ್ನ ತೊಳ್ಕೊಳ್ಳೋದ್ರಲ್ಲೇ ಅರ್ಧ ಆಯುಸ್ಸು ಹೋಗಿದೆ," ಎಂದು ಗೊಣಗಿ ಯಜಮಾನರು ಪೇಪರ್ ಮಡಿಸಿಟ್ಟರು.

ಮೊದಲ ವಾರದ ಕೊನೆಗೆ ಆತಂಕದ ಮೌಲ್ಯಮಾಪನ ನಡೆಯಿತು. ಪಕ್ಕದ ಮನೆಯ ಓರಗಿತ್ತಿಗೆ ಉನ್ನತ ಶ್ರೇಣಿ ಬಂತು. ಅವಳ ಗಂಡ, ಅಂದರೆ ಟೈಲರಮ್ಮನ ಮೈದುನ, ಗಣಿಯ ತೂಕದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸುರಂಗದ ಬಾಯನ್ನೂ ಹತ್ತಿರದಿಂದ ಕಂಡವನಲ್ಲ. ದಿನಾ ನಾಲ್ಕು ಗಂಟೆಗೆ ಮನೆಯಲ್ಲಿರುತ್ತಿದ್ದ. ಆದರೂ ಓರಗಿತ್ತಿ ಕಂಬ ತಬ್ಬಿಕೊಂಡು ಬಿಕ್ಕುತ್ತಿದ್ದ ಪರಿಗೆ ಇಬ್ಬರು ಪ್ರವಾಸಿಗರು ಡಾಕ್ಟರನ್ನು ಕರೆಯಲು ಓಡಿದ್ದರು. ಟೈಲರಮ್ಮನ ಹೆಸರಿನ ಮುಂದೆ "ಆತಂಕ ಸಾಲದು" ಎಂದು ಬರೆದಿತ್ತು.

ಅಧಿಕಾರಿಗಳು ಖುದ್ದಾಗಿ ಮನೆಗೆ ಬಂದರು.

"ಅಮ್ಮಾ, ಸ್ವಲ್ಪ ನಡುಗಬೇಕು. ದಾರಿ ಕಡೆ ಎರಡು ಹೆಜ್ಜೆ ಓಡಿ, ಎದೆ ಮೇಲೆ ಕೈ ಇಟ್ಕೊಂಡು ವಾಪಸ್ ಬನ್ನಿ. ನೀವು ಬಸ್ಸಿಗೆ ಕಾಯೋ ಹಾಗೆ ನಿಲ್ತೀರಿ."

"ಸಾರ್, ಒಂದ್ಸಲ ನಾನು ನಿಜವಾಗಿಯೇ ಕಾದಿದೀನಿ. ಸುರಂಗ ಕುಸಿದಾಗ. ಒಂದೂವರೆ ದಿನ."

"ಒಳ್ಳೇದಾಯ್ತಲ್ಲ, ಅನುಭವ ಇದೆ! ಆಗ ಏನ್ಮಾಡಿದ್ರಿ?"

"ಸ್ಟೂಲ್ ಹಾಕ್ಕೊಂಡು ಕೂತು ಕಾಜಾ ಹೊಲಿದೆ."

"ಕಾಜಾ?"

"ಅಂಗಿ ಗುಂಡಿಗೆ ತೂತು ಬಿಡ್ತೀವಲ್ಲ, ಅದು. ಮೂವತ್ತು ಅಂಗಿದು ಹೊಲಿದೆ. ಕೈ ನಿಂತ್ರೆ ತಲೆ ಓಡತ್ತೆ ಸಾರ್. ತಲೆ ಓಡೋಕೆ ಬಿಟ್ಟಿದ್ರೆ ಅವತ್ತು ನಾನು ಉಳೀತಿರ್ಲಿಲ್ಲ."

ಅಧಿಕಾರಿಗಳು ಚೀಲದಿಂದ ಅನುಮೋದಿತ ಇತಿಹಾಸವನ್ನು ತೆಗೆದು ಹನ್ನೆರಡನೇ ಪುಟ ತಿರುವಿದರು. "ಇಲ್ಲಿ ಹೆಂಡತಿಯರು ನಿಂತು ಅತ್ತರು ಅಂತಿದೆ. ಕೂತು ಹೊಲಿದರು ಅಂತ ಎಲ್ಲೂ ಇಲ್ಲವಲ್ಲಮ್ಮಾ."

"ಪುಸ್ತಕ ಬರೆದೋರು ಅವತ್ತು ಇಲ್ಲಿದ್ರಾ?"

"ಇರಲಿಲ್ಲ. ಅದಕ್ಕೇ ಅದು ನಿಷ್ಪಕ್ಷಪಾತವಾಗಿದೆ."

ಟೈಲರಮ್ಮ ಹೆಚ್ಚು ವಾದಿಸಲಿಲ್ಲ. ಕಾಯುವುದಕ್ಕೆ ಒಂದು ಸ್ಟೂಲು ಹಾಕಿಕೊಳ್ಳಲು ಅನುಮತಿ ಕೊಡಿ ಎಂದು ಅರ್ಜಿ ಬರೆದುಕೊಟ್ಟಳು. ನಾಲ್ಕು ವಾರದ ನಂತರ ಉತ್ತರ ಬಂತು. ಸದರಿ ಸ್ಟೂಲು ಗಣಿಯ ಕಾಲದ್ದೆಂದು ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ದೃಢೀಕರಿಸತಕ್ಕದ್ದು. ಪಕ್ಷಪಾತ ತಪ್ಪಿಸುವ ಸಲುವಾಗಿ ಸಾಕ್ಷಿಗಳು ಈ ಊರನ್ನು ಎಂದೂ ನೋಡದವರಾಗಿರತಕ್ಕದ್ದು.

ಅವಳು ನಿಂತೇ ಕಾದಳು. ಕಾಲು ಊದಿ ಚಪ್ಪಲಿ ಹಿಡಿಸದಂತಾಯಿತು. ಮನೆ ಹೋದೀತೆಂದು ಹಲ್ಲು ಕಚ್ಚಿಕೊಂಡು ಎರಡು ತಿಂಗಳು ತಳ್ಳಿದಳು.

ಹೀಗಿರುವಾಗ ಒಂದು ಸಂಜೆ ಮೂವತ್ತನಾಲ್ಕು ಪ್ರವಾಸಿಗರ ತಂಡ ಮೆಟ್ಟಿಲು ಹತ್ತಿ ಬಂತು. ಮುಂದೆ ಮೈಕು ಹಿಡಿದ ಮಾರ್ಗದರ್ಶಿ. ಹಿಂದಿನ ಜನ್ಮದಲ್ಲಿ, ಅಂದರೆ ಎರಡು ವರ್ಷದ ಕೆಳಗೆ, ಅವನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದ. ಅವನು ಟೈಲರಮ್ಮನ ಕಡೆ ಕೈ ತೋರಿಸಿ ಗದ್ಗದಿತನಾದ.

"ನೋಡಿ ಈ ತಾಯಿಯನ್ನ! ಗಂಡ ಮನೆ ಸೇರೋವರೆಗೂ ಇವರ ಕೈಗೆ ಯಾವ ಕೆಲಸವೂ ಹತ್ತೋದಿಲ್ಲ."

"ಸುಳ್ಳು!" ಎಂದಳು ಟೈಲರಮ್ಮ.

ಮೈಕು ಕೀಚಲು ದನಿ ಮಾಡಿ ಸುಮ್ಮನಾಯಿತು.

"ಈ ಕೈಗೆ ಕೆಲಸ ಹತ್ತದೇ ಇದ್ದ ದಿನ ಯಾವುದಪ್ಪಾ? ನನಗೊಂದು ಸ್ಟೂಲು ಕೊಡೋವರೆಗೂ ನಾನು ಯಾರಿಗೂ ಕಾಯಲ್ಲ. ಗಂಡ ಬಂದ್ರೆ ಬರಲಿ, ಬಿಟ್ರೆ ಬಿಡಲಿ!"

ಹೇಳಿದವಳೇ ಒಳಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು. ಆಗ ಸಮಯ ಆರೂ ಇಪ್ಪತ್ತು. ಮಸಿ ಬಳಿದುಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಯಜಮಾನರು ಮುಚ್ಚಿದ ಬಾಗಿಲನ್ನು ನೋಡಿ, "ನಾನೇನೇ ಮಾಡ್ದೆ?" ಎಂದರು.

ಮೂವತ್ತನಾಲ್ಕು ಜನರೂ ಚಪ್ಪಾಳೆ ತಟ್ಟಿದರು. ಬಹಳ ಹೊತ್ತಾದರೂ ಚಪ್ಪಾಳೆ ನಿಲ್ಲಲಿಲ್ಲ.

ಒಳಗಿದ್ದ ಟೈಲರಮ್ಮನಿಗೆ ಅದು ಮನೆ ಖಾಲಿ ಮಾಡಿಸುವವರ ಸದ್ದಿನಂತೆ ಕೇಳಿತು. ಜನ ಚದುರಿದ ಮೇಲೆ ಗಂಡನನ್ನು ಒಳಗೆ ಬಿಟ್ಟುಕೊಂಡು, ಮಿಷನ್ನಿನ ಸೂಜಿ ಬಿಚ್ಚಿ ಬಟ್ಟೆಯಲ್ಲಿ ಸುತ್ತತೊಡಗಿದಳು.

"ನನ್ನ ಬಾಯಿಂದ ಮನೆ ಹೋಯ್ತು ರೀ."

ಯಜಮಾನರು ಮುಖದ ಮಸಿ ಒರೆಸಿಕೊಂಡರು. "ಹೋದ್ರೆ ಹೋಗ್ಲಿ ಬಿಡು. ಅವತ್ತು ನನ್ನನ್ನ ಹೊರಗೆ ಎಳೆದಾಗ ಸುತ್ತಲೂ ಎಲ್ಲರೂ ಅಳ್ತಾ ಇದ್ರು. ನಾನು ಸತ್ತೇ ಹೋಗಿದೀನಿ ಅಂದ್ಕೊಂಡೆ. ನೀನು ಮಾತ್ರ ಹಲ್ಲಲ್ಲಿ ದಾರ ಕಚ್ಕೊಂಡು ಬಂದು 'ಹಸಿವಾಗಿದೆಯಾ' ಅಂದೆ. ಆಗಲೇ ನನಗೆ ಬದುಕಿದೀನಿ ಅಂತ ಗೊತ್ತಾಗಿದ್ದು."

ಇಷ್ಟು ವರ್ಷದಲ್ಲಿ ಅವರು ಇದನ್ನು ಹೇಳಿದ್ದು ಅದೇ ಮೊದಲು. ಟೈಲರಮ್ಮ ಸುತ್ತಿಟ್ಟ ಸೂಜಿಯನ್ನು ಬಿಚ್ಚಿ, ಮತ್ತೆ ಸುತ್ತಿಟ್ಟಳು.

ಬೆಳಗ್ಗೆ ಅಧಿಕಾರಿಗಳು ಬಂದಾಗ ಅವರ ಮುಖ ಹೊಳೆಯುತ್ತಿತ್ತು. ಕೈಯಲ್ಲಿ ನಲವತ್ತೊಂದನೆಯ ಸುತ್ತೋಲೆ.

"ನಿನ್ನೆ ಮೇಲಿನ ಸಾಲಿನಲ್ಲಿ ನಡೆದ ಮುಷ್ಕರವು ಪ್ರವಾಸಿಗರ ಅಪಾರ ಮೆಚ್ಚುಗೆಗೆ ಪಾತ್ರವಾಗಿರುತ್ತದೆ. ಆದಕಾರಣ ಇನ್ನು ಮುಂದೆ ಸದರಿ ಮುಷ್ಕರವು ಪ್ರತಿದಿನ ಆರೂ ಇಪ್ಪತ್ತಕ್ಕೆ ಸರಿಯಾಗಿ ನಡೆಯತಕ್ಕದ್ದು. ಅನುಮತಿಯಿಲ್ಲದೆ ಮುಷ್ಕರ ನಿಲ್ಲಿಸುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

"ಹಾಗಾದ್ರೆ ಸ್ಟೂಲು ಸಾರ್?" ಎಂದಳು ಟೈಲರಮ್ಮ.

"ಅಯ್ಯೋ, ಸ್ಟೂಲು ಕೊಟ್ಬಿಟ್ರೆ ಮುಷ್ಕರ ಯಾತಕ್ಕಮ್ಮಾ? ನಿಮ್ಮ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಅಂಥಾ ಬೇಡಿಕೆಯನ್ನ ಈಡೇರಿಸಿ ಹಾಳು ಮಾಡೋಕೆ ಯಾರಿಗಾದ್ರೂ ಮನಸ್ಸು ಬರತ್ತಾ?"

ಅಂದು ಸಂಜೆ ಅವಳು ಹಟಕ್ಕೆ ಬಿದ್ದು ಬಾಗಿಲಲ್ಲಿ ತೆಪ್ಪಗೆ ನಿಂತಳು. ಮಾರನೇ ದಿನ "ಮುಷ್ಕರಕ್ಕೆ ಗೈರುಹಾಜರಿ" ಎಂಬ ನೋಟೀಸು ಬಂತು. ಮರುದಿನದಿಂದ ಅವಳು ನಿಯಮದಂತೆ ಬಾಗಿಲು ಬಡಿಯತೊಡಗಿದಳು.

ವಾರ ಕಳೆಯುವಷ್ಟರಲ್ಲಿ ಒಂದು ವಿಷಯ ಅವಳ ಗಮನಕ್ಕೆ ಬಂತು. ಬಾಗಿಲು ಹಾಕಿಕೊಂಡ ಮೇಲೆ ಅವಳೇನು ಮಾಡಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಆರೂ ಇಪ್ಪತ್ತೊಂದರಿಂದ ಅವಳು ಒಳಗೆ ತನ್ನದೇ ಸ್ಟೂಲಿನ ಮೇಲೆ ಕೂತು, ಕಾಲನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು ಕಾಜಾ ಹೊಲಿಯುತ್ತಿದ್ದಳು. ಹೊರಗೆ ಯಜಮಾನರು ಆರೂವರೆವರೆಗೆ ಬಾಗಿಲು ತಟ್ಟುತ್ತಿದ್ದರು, ಪ್ರವಾಸಿಗರು ಅವಳಿಗೊಂದು ಸ್ಟೂಲು ಕೊಡಬೇಕೆಂದು ಮನವಿಗೆ ಸಹಿ ಹಾಕುತ್ತಿದ್ದರು. ಮನವಿಗಳನ್ನು ಕಚೇರಿ ಗೌರವದಿಂದ ಸ್ವೀಕರಿಸಿ ಕ್ರಮಸಂಖ್ಯೆ ಕೊಡುತ್ತಿತ್ತು.

ಮುಷ್ಕರಕ್ಕೆ ತಿಂಗಳಿಗೊಂದು ರಜೆಯೂ ಮಂಜೂರಾಯಿತು, ಬದಲಿ ವ್ಯವಸ್ಥೆ ಮಾಡಿಕೊಡಬೇಕೆಂಬ ಷರತ್ತಿನ ಮೇಲೆ. ಟೈಲರಮ್ಮ ಓರಗಿತ್ತಿಯನ್ನು ಕೂರಿಸಿಕೊಂಡು ತರಬೇತಿ ಕೊಟ್ಟಳು.

"ಅಳಬೇಡ ಕಣೇ. ಇದು ಮುಷ್ಕರ. ಸಿಟ್ಟು ಬರಬೇಕು."

"ಏನ್ಮಾಡ್ಲಿ ಅಕ್ಕಾ, ನನಗೆ ಅಳು ಬಂದಷ್ಟು ಸುಲಭವಾಗಿ ಸಿಟ್ಟು ಬರಲ್ಲ."

"ನಾಲ್ಕು ಗಂಟೆಯಿಂದ ಮನೇಲಿ ಕೂತು 'ಕಾಫಿ, ಕಾಫಿ' ಅಂತಿದ್ನಲ್ಲ ನಿನ್ನ ಗಂಡ, ಅವನನ್ನ ನೆನೆಸ್ಕೋ."

ಓರಗಿತ್ತಿ ಬಾಗಿಲು ಬಡಿದ ಏಟಿಗೆ ಚಿಲಕ ಕಿತ್ತು ಅಂಗಳಕ್ಕೆ ಬಿತ್ತು. ಬಡಗಿ ಹೊಸ ಚಿಲಕ ಹಾಕಿದ. ಅಂದಿನಿಂದ ಕಚೇರಿಯ ದಾಸ್ತಾನಿನಲ್ಲಿ "ಮುಷ್ಕರದ ಚಿಲಕ" ಎಂಬ ಬಾಬತ್ತು ಸೇರಿತು.

ಆ ವರ್ಷದ ಕೊನೆಯ ತಿಂಗಳಲ್ಲಿ ಒಂದು ದಿನ ಗುಡ್ಡಕ್ಕೆ ದಟ್ಟ ಮಂಜು ಮುಸುಕಿತು. ಎದುರು ಮನೆ ಕಾಣಿಸುತ್ತಿರಲಿಲ್ಲ. ಬಸ್ಸು ಬರಲಿಲ್ಲ, ಒಬ್ಬ ಪ್ರವಾಸಿಗನೂ ಬರಲಿಲ್ಲ. ನಡಿಗೆ ರದ್ದಾಗಿದೆಯೆಂದು ಐದು ಗಂಟೆಗೇ ಮೈಕಿನಲ್ಲಿ ಸಾರಿದರು.

ಆರು ಗಂಟೆಗೆ ಮೇಲಿನ ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಡತಿಯರು ಬಂದು ನಿಂತರು. ಓರಗಿತ್ತಿ ಕಂಬ ತಬ್ಬಿಕೊಂಡು ಬಿಕ್ಕಿದಳು. ಮಾರ್ಗದರ್ಶಿ ಮಂಜಿನ ಕಡೆ ಕೈ ತೋರಿಸಿ ಗದ್ಗದಿತನಾದ. ಆರೂ ಇಪ್ಪತ್ತಕ್ಕೆ ಟೈಲರಮ್ಮ ಒಂದಕ್ಷರ ಬಿಡದೆ ಕೂಗಿ, ಬಾಗಿಲು ಹಾಕಿಕೊಂಡಳು.

ಮಸಿ ಮುಖದ ಯಜಮಾನರು ಬಂದು ಬಾಗಿಲು ತಟ್ಟಿದರು. "ತೆಗಿಯೇ. ಇವತ್ತು ಯಾರೂ ಬಂದಿಲ್ಲ."

"ಬರದಿದ್ರೆ?" ಎಂದು ಒಳಗಿಂದ ದನಿ ಬಂತು. "ಈಗಿನ್ನೂ ಆರೂ ಇಪ್ಪತ್ತೆರಡು. ಇನ್ನೂ ಎಂಟು ನಿಮಿಷ ತಟ್ಟಿ."

ಯಜಮಾನರಿಗೆ ಅದು ಸರಿಯೆನಿಸಿತು. ತಟ್ಟಿದರು. ಟಾರ್ಚು ಹಿಡಿದು ಆ ದಾರಿಯಲ್ಲಿ ಬಂದ ಅಧಿಕಾರಿಗಳು ನಿಂತು, ತಟ್ಟುವ ಸದ್ದನ್ನು ಪೂರ್ತಿ ಕೇಳಿ, ದಿನಚರಿ ಪುಸ್ತಕದಲ್ಲಿ "ಪರಿಸ್ಥಿತಿ ಸಹಜವಾಗಿದೆ" ಎಂದು ಬರೆದುಕೊಂಡು ಮುಂದೆ ಹೋದರು.